ಟೊಲಿಮನ್ ಮಾವನ ತೂತು ಕಾಸಿನ ಸುರುಳಿ

ಆಸ್ಟ್ರೇಲಿಯದ ಉತ್ತರದ ಕಡಲಿನ ನಮ್ಮ ಮಾತುಪಿಟ್ ದ್ವೀಪದಲ್ಲಿ ಮನುಷ್ಯ ಎಷ್ಟು ದೊಡ್ಡವನು ಎಂಬುದು ಅವನು ಸತ್ತ ದಿನ ಗೊತ್ತಾಗುತ್ತದೆ. ಬದುಕಿದ್ದಾಗ ಕೂಡಿಟ್ಟ ತಬುವಿನ ಸುರುಳಿಯನ್ನು ಹೆಣದ ಮುಂದೆ ಇಳಿಸಿ, ಕತ್ತಿಯಿಂದ ಕಡಿದು, ಬಂದವರಿಗೆಲ್ಲ ಹಂಚಿ ಬರಿದು ಮಾಡಬೇಕು. ತಬು ಎಂದರೆ ನಮ್ಮಲ್ಲಿ ದುಡ್ಡಾಗಿ ನಡೆಯುವ ಸಣ್ಣ ಚಿಪ್ಪು. ಅದರ ಬೆನ್ನು ಒಡೆದು ತೂತು ಮಾಡಿ, ಬೆತ್ತದ ಸೀಳಿಗೆ ಪೋಣಿಸಿ, ದೊಡ್ಡ ಸಿಂಬಿಯ ಹಾಗೆ ಸುತ್ತಿ, ಕೇದಗೆ ಎಲೆಯಲ್ಲಿ ಕಟ್ಟಿ ಅಟ್ಟಕ್ಕೆ ತೂಗುಹಾಕುತ್ತೇವೆ. ಸುರುಳಿ ಕಡಿಸಿಕೊಂಡವರ ಜೀವ ಹಿರಿಯರ ಊರು ಸೇರುತ್ತದೆ. ಇಲ್ಲದವರದು ದಾರಿ ಕಾಣದೆ ಕಾಡಂಚಿನಲ್ಲಿ ಅಲೆಯುತ್ತದೆ. ನಾವು ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವವರೇ. ಆದರೂ ಇದನ್ನು ಯಾರೂ ಬಿಟ್ಟಿಲ್ಲ.

ನನ್ನ ಸೋದರಮಾವ ಟೊಲಿಮನ್‌ನ ಅಟ್ಟದಲ್ಲೂ ಒಂದು ಸುರುಳಿ ತೂಗುತ್ತಿತ್ತು. ಅದರಲ್ಲಿ ಒಂದೇ ಒಂದು ಚಿಪ್ಪಿರಲಿಲ್ಲ. ಪೂರಾ ಕಾಸು. ಆಸ್ಟ್ರೇಲಿಯದವರು ನಮ್ಮನ್ನು ಆಳುತ್ತಿದ್ದಾಗ ನಮ್ಮ ಸೀಮೆಗೆಂದೇ ಮಾಡಿಸಿ ಕಳಿಸಿದ, ನಡುವೆ ತೂತಿರುವ ಪೆನ್ನಿ, ಅರೆಪೆನ್ನಿ, ಶಿಲ್ಲಿಂಗು. ಗಾಳಿ ಜೋರಾದ ದಿನ ಅದು ಕೇದಗೆ ಎಲೆಯೊಳಗಿಂದಲೇ ಝಣಝಣ ಎನ್ನುತ್ತಿತ್ತು. ದಾರಿಯಲ್ಲಿ ಹೋಗುವವರು ನಗುತ್ತಿದ್ದರು. ನಾನು ಇಯಾ ರುಮೆಟ್, ಅವನ ತಂಗಿಯ ಮಗಳು, ಕೊಕೊಪೊ ಸಂತೆಯಲ್ಲಿ ಅಡಕೆ ಮಾರುವವಳು. ನನ್ನ ಕಾಯಿ ಕೆಟ್ಟದ್ದು ಎಂದವರಿಗೆ ಕಾಯಿಯ ಜೊತೆ ಎರಡು ಮಾತನ್ನೂ ಕಟ್ಟಿ ಕಳಿಸುತ್ತೇನೆ. ಮಾವನನ್ನು ನೋಡಿ ನಕ್ಕವರನ್ನು ಸುಮ್ಮನೆ ಬಿಟ್ಟೆನೆಂದು ಯಾರೂ ತಿಳಿಯಬೇಡಿ.

ಆ ಸುರುಳಿ ಶುರುವಾದದ್ದು ನನ್ನ ಅಜ್ಜಿ ಇಯಾ ದೋಕೊಳ ಕೊರಳಿನಿಂದ. ಬೆಂಕಿಬೆಟ್ಟದ ಬುಡದ ಬಿಸಿ ಮರಳಿನಲ್ಲಿ ಕಾಡುಕೋಳಿಗಳು ಮೊಟ್ಟೆ ಹೂತು ಹೋಗುತ್ತವೆ. ಗಂಡಸರು ಅಗೆದು ತಂದ ಮೊಟ್ಟೆಗಳನ್ನು ಅಜ್ಜಿ ರಬೌಲ್ ಪೇಟೆಗೆ ಹೊತ್ತು ಮಾರುತ್ತಿದ್ದಳು. ಸಿಕ್ಕ ಪೆನ್ನಿಗಳನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ಆಮೇಲೆ ಯುದ್ಧ ಬಂತು, ಜಪಾನಿನವರು ಬಂದರು, ಮೇಲಿಂದ ಬಾಂಬು ಬೀಳತೊಡಗಿತು. ಜನ ಗುಡ್ಡದಲ್ಲಿ ಕೊರೆದ ಸುರಂಗ ಹೊಕ್ಕರು. ಮನೆಯ ತಬುವನ್ನು ಹೂತಿಟ್ಟಿದ್ದ ಹಲಸಿನ ಮರದ ಬುಡಕ್ಕೇ ಬಾಂಬು ಬಿದ್ದು, ಮರವೂ ಹೋಯಿತು, ತಬುವೂ ಹೋಯಿತು. ಅಜ್ಜಿ ಸುರಂಗದೊಳಗೆ ಜ್ವರದಲ್ಲಿ ಸತ್ತಳು.

ಮಾವನಿಗೆ ಆಗಿನ್ನೂ ಮೀಸೆ ಚಿಗುರುತ್ತಿತ್ತು. ಅವ್ವನ ಕೊರಳಿನ ಕಾಸಿನ ದಾರ ಬಿಚ್ಚಿಕೊಂಡು ಊರ ಹಿರಿಯನ ಮುಂದೆ ನಿಂತು, ಇದನ್ನಾದರೂ ಕಡಿದು ಕಳಿಸಿಕೊಡಿ ಎಂದು ಕೇಳಿದ. ನಮ್ಮಲ್ಲಿ ಕಡಿಯುವುದು ಯಾರೇ ಆಗಲಿ, ಮೊದಲ ತುಂಡಿಗೆ ಹಿರಿಯ ಕೈಚಾಚಬೇಕು. ಅವನು ಕೈಚಾಚದಿದ್ದರೆ ಬೇರೆ ಯಾರೂ ಮುಟ್ಟುವುದಿಲ್ಲ, ಕಡಿದದ್ದು ಕಡಿದ ಹಾಗೇ ಅಲ್ಲ. ಹಿರಿಯ ಅಡಕೆಯ ಕೆಂಪು ಉಗಿದು, ಕಬ್ಬಿಣ ಕಡಿದರೆ ಯಾವ ಜೀವವೂ ಎಲ್ಲಿಗೂ ಹೋಗುವುದಿಲ್ಲ ಎಂದುಬಿಟ್ಟ. ಅಜ್ಜಿಯನ್ನು ಹಾಗೇ ಮಣ್ಣು ಮಾಡಿದರು.

ಮಾವ ಈ ಕತೆಯನ್ನು ನನಗೆ ಹೇಳಿದ್ದು ಒಂದೇ ಸಲ. ಹೇಳಿ ಮುಗಿಸಿ, “ಅವ್ವನ್ನ ಬರಿಗೈಲಿ ಕಳಿಸಿಬಿಟ್ಟೆ ಕಣೆ. ಅವಳಿನ್ನೂ ಹೊರಗೇ ನಿಂತವ್ಳೆ,” ಅಂದ.

ಬೇರೆಯವನಾಗಿದ್ದರೆ ಹಿರಿಯನನ್ನು ದ್ವೇಷಿಸುತ್ತ ಮುದುಕನಾಗುತ್ತಿದ್ದ. ಮಾವ ಹಿಡಿದದ್ದು ಬೇರೆ ದಾರಿ. ಆ ಕಾಸನ್ನೇ ಕೂಡಿಸುತ್ತ ಹೋಗುವುದು, ಊರು ಹಿಂದೆಂದೂ ಕಾಣದಷ್ಟು ದೊಡ್ಡ ಸುರುಳಿ ಮಾಡುವುದು, ಯಾವ ಹಿರಿಯನೂ ಇಲ್ಲ ಎನ್ನಲಾಗದ ಹಾಗೆ ಮಾಡುವುದು, ಆಮೇಲೆ ಅವ್ವನ ಹೆಸರಲ್ಲಿ ಕಡಿಸುವುದು. ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಇಷ್ಟಕ್ಕೆ ಅವನ ಆಯುಸ್ಸು ಹಿಡಿಯಿತು.

ಹಗಲೆಲ್ಲ ಬಂದರಿನಲ್ಲಿ ಕೊಬ್ಬರಿ ಮೂಟೆ ಹೊರುವ ಕೆಲಸ. ಸಂಬಳ ಶಿಲ್ಲಿಂಗಿನಲ್ಲಿ ಬಂದರೆ ಅದು ಬೆತ್ತಕ್ಕೆ ಏರುತ್ತಿತ್ತು, ನೋಟಿನಲ್ಲಿ ಬಂದರೆ ಚೀನಿಯರ ಅಂಗಡಿಗೆ ಹೋಗಿ ತೂತು ಕಾಸಾಗಿ ಬೆತ್ತಕ್ಕೆ ಏರುತ್ತಿತ್ತು. ಶಿಲ್ಲಿಂಗನ್ನು ಆಗ ನಾವು ಮಾಕ್ ಎನ್ನುತ್ತಿದ್ದೆವು, ಅದಕ್ಕೂ ಮೊದಲು ಆಳಿದ ಜರ್ಮನಿಯವರು ಬಿಟ್ಟುಹೋದ ಮಾತು. ಮುಂದೆ ಹೊಸ ದುಡ್ಡು ಬಂದು, ಹಳೆಯದನ್ನೆಲ್ಲ ಬ್ಯಾಂಕಿಗೆ ಕೊಟ್ಟು ಬದಲಾಯಿಸಿಕೊಳ್ಳಿ ಎಂದು ಡಂಗುರವಾಯಿತು. ಊರಿಗೆ ಊರೇ ಹಳೇ ಕಾಸು ಹೊತ್ತು ಬ್ಯಾಂಕಿಗೆ ಓಡಿದರೆ, ಮಾವ ಬ್ಯಾಂಕಿನ ಬಾಗಿಲಲ್ಲೇ ಕೂತು ತನ್ನ ಹೊಸ ದುಡ್ಡು ಕೊಟ್ಟು ಅವರ ಹಳೆಯದನ್ನು ಈಸಿಕೊಂಡ. ಲಾಭ ಏನೆಂದು ಕೇಳಿದವರಿಗೆ, ನೋಡೋಕೆ ಚಂದ, ಎನ್ನುತ್ತಿದ್ದ.

ತಗಡಿನ ಮಾಡುಗಳ ಕತೆ ಇನ್ನೂ ಚಂದ. ಹಳೇ ಬಡಗಿಗಳು ಮೊಳೆಯ ತಲೆ ತಗಡಿನಲ್ಲಿ ಹೂತುಹೋಗದಿರಲಿ ಎಂದು ಮೊಳೆಗೊಂದು ತೂತು ಪೆನ್ನಿ ಸಿಕ್ಕಿಸಿ ಹೊಡೆಯುತ್ತಿದ್ದರು. ಅದಕ್ಕೆಂದೇ ಮಾರುವ ಬಿಲ್ಲೆಗಿಂತ ಪೆನ್ನಿಯೇ ಅಗ್ಗ. ಮಾವ ಇದನ್ನು ಕಂಡುಕೊಂಡ ಮೇಲೆ ತಲೆ ತಗ್ಗಿಸಿ ನಡೆಯುವುದನ್ನೇ ಬಿಟ್ಟ. ಒಂದು ಮಧ್ಯಾಹ್ನ ನಮ್ಮ ಇಗರ್ಜಿಯ ಮಾಡಿನ ಮೇಲೆ ಕೂತು ಮೊಳೆ ಕೀಳುತ್ತಿದ್ದಾಗ ಪಾಸ್ಟರು ಕೆಳಗೆ ಬಂದು ನಿಂತರು. ದೇವರ ಮನೆಯಲ್ಲಿ ಕಳ್ಳತನವೇ ಎಂದು ಅವರು, ಕಳ್ಳತನವಲ್ಲ ಸ್ವಾಮಿ, ಒಂದು ಪೆನ್ನಿ ತೆಗೆದಲ್ಲಿ ಒಂದು ಹೊಸ ಬಿಲ್ಲೆ ಹಾಕುತ್ತಿದ್ದೇನೆ ಎಂದು ಇವನು. ಕೊನೆಗೆ ಸೋರುವ ಕಡೆಯೆಲ್ಲ ಟಾರು ಬಳಿದುಕೊಡಬೇಕೆಂದು ರಾಜಿಯಾಯಿತು. ಆ ವರ್ಷ ನಮ್ಮ ಇಗರ್ಜಿ ಸೋರಲಿಲ್ಲ.

ಒಂದು ಕಾಸು ಕೈಗೆ ಬಂದರೆ ಮಾವ ಅದನ್ನು ಸುಣ್ಣ, ನಿಂಬೆರಸ ಹಾಕಿ ತಿಕ್ಕಿ, ಸೂರ್ಯನಿಗೆ ಹಿಡಿದು ತೂತಿನಿಂದ ನೋಡುತ್ತಿದ್ದ. ನೋಡಿ ನನಗೂ ನೋಡಲು ಕೊಡುತ್ತಿದ್ದ.

“ಸಮುದ್ರದಾಚೆ ಕೂತಿರೋ ರಾಜ,” ಎನ್ನುತ್ತಿದ್ದ. “ನಮ್ಮನ್ನ ಕಣ್ಣಲ್ಲಿ ಕಂಡವನಲ್ಲ. ನಮಗೆ ಅಂಗಿಯಿಲ್ಲ, ಜೇಬಿಲ್ಲ, ದಾರಕ್ಕೇ ಪೋಣಿಸ್ತೀವಿ ಅಂತ ಅವನಿಗೆ ಯಾರು ಹೇಳಿದ್ರು? ತೂತು ಇಟ್ಟೇ ಕಳಿಸವ್ನೆ ನೋಡು.”

ನಾನು ಬಾಯಿಬಡುಕಿ. ಆದರೂ ಅವನು ಹೀಗೆ ಹೇಳಿದಾಗ ಎದುರಾಡದೆ ಇನ್ನೊಮ್ಮೆ ತೂತಿನಿಂದ ನೋಡುತ್ತಿದ್ದೆ. ಬಡವಿಯೊಬ್ಬಳ ಕೊರಳನ್ನು ನೆನೆದು ಯಾರೋ ಒಬ್ಬ ಕಮ್ಮಾರ ಎಲ್ಲೋ ದೂರದಲ್ಲಿ ಲೋಹದ ನಡುವೆ ಜಾಗ ಬಿಟ್ಟಿದ್ದ. ಇದು ಸಣ್ಣ ಮಾತೇ?

ಸಣ್ಣ ಮಾತೆಂದವನು ಟೊಡಪಲ್. ಆ ಹಳೇ ಹಿರಿಯನ ಸೋದರಳಿಯ, ಮಾವನ ಓರಗೆಯವನು. ಹಿರಿಯ ಸತ್ತ ಮೇಲೆ ಸೋದರಮಾವನ ಸ್ಥಾನದ ಜೊತೆ ಸೋದರಮಾವನ ಮಾತೂ ಅವನಿಗೇ ಬಂತು. ಅವನೂ ನನ್ನ ಮಾವನೂ ಸಂಜೆ ಒಂದೇ ಹಲಗೆಯ ಮೇಲೆ ಕೂತು ಒಂದೇ ಸೋರೆಬುರುಡೆಯಿಂದ ಸುಣ್ಣ ತೆಗೆದು ಅಡಕೆ ಜಗಿಯುತ್ತಿದ್ದರು. ಟೊಡಪಲ್‌ನ ಅಟ್ಟದಲ್ಲಿ ಹಾಲಿನಂತೆ ಬೆಳ್ಳಗಿದ್ದ ತಬುವಿನ ಸುರುಳಿಗಳು ಸಾಲಾಗಿ ತೂಗುತ್ತಿದ್ದವು. ಅವನು ಮಾವನನ್ನು ಕರೆಯುತ್ತಿದ್ದದ್ದೇ ಕಬ್ಬಿಣದ ಸಾಹುಕಾರ ಎಂದು. ಊರಲ್ಲಿ ಯಾರದೇ ತಿಥಿಯೂಟವಾದ ಮಾರನೇ ದಿನ ಮಾವ, ಅವ್ವನದನ್ನು ಕಡಿಯಲೇ, ಕೈಚಾಚುತ್ತೀಯಾ, ಎಂದು ತಪ್ಪದೆ ಕೇಳುತ್ತಿದ್ದ. ಕವಡೆ ಕಾಸಿನ ಕಿಮ್ಮತ್ತಿಲ್ಲದ್ದಕ್ಕೆ ನಾನು ಕೈಚಾಚಿದರೆ ಸತ್ತವರು ಎದ್ದು ಬಂದು ನಗುತ್ತಾರೆ ಎಂದು ಟೊಡಪಲ್ ತಪ್ಪದೆ ಹೇಳುತ್ತಿದ್ದ. ಆಮೇಲೆ ಇಬ್ಬರೂ ಮತ್ತೆ ಅಡಕೆ ಹಾಕಿಕೊಳ್ಳುತ್ತಿದ್ದರು. ನನಗಂತೂ ಆ ಸುಣ್ಣದ ಬುರುಡೆಯನ್ನು ಅವನ ತಲೆಯ ಮೇಲೇ ಕವುಚಿಬಿಡುವಷ್ಟು ಸಿಟ್ಟು ಬರುತ್ತಿತ್ತು.

ಹೀಗಿರುವಾಗ ಬ್ರಿಸ್ಬೇನಿನಿಂದ ಗ್ರೇಮ್ ಎಂಬ ಬಿಳಿಯ ಬಂದ. ಹಳೇ ನಾಣ್ಯ ಕೂಡಿಸುವವನಂತೆ. ಮಾವ ಕೇದಗೆ ಎಲೆ ಬಿಚ್ಚಿ ಸುರುಳಿ ತೋರಿಸಿದಾಗ ಅವನು ನೆಲಕ್ಕೆ ಮಂಡಿಯೂರಿದ. ಇಗರ್ಜಿಯಲ್ಲೂ ಬಿಳಿಯರು ಅಷ್ಟು ಭಕ್ತಿಯಿಂದ ಮಂಡಿಯೂರಿದ್ದನ್ನು ನಾನು ಕಂಡಿಲ್ಲ. ಒಂದೊಂದನ್ನೇ ಬೆರಳಲ್ಲಿ ಸರಿಸುತ್ತ, ಮಾವನಿಗೇ ಗೊತ್ತಿಲ್ಲದ ಸಂಗತಿಗಳನ್ನು ಹೇಳುತ್ತ ಹೋದ. ಬೆಳ್ಳಗಿದ್ದ ಒಂದು ಅರೆಪೆನ್ನಿ ಮೊಟ್ಟಮೊದಲು ಟಂಕಿಸಿದ್ದಂತೆ. ಅದರ ಒಡಹುಟ್ಟಿದವೆಲ್ಲ ಬಹುಪಾಲು ಚಲಾವಣೆಗೇ ಬಾರದೆ ಕರಗಿಹೋದವಂತೆ. ಕಿರೀಟ ಕೆತ್ತಿದ ಕಂಚಿನ ಪೆನ್ನಿಗಳು ಒಂದು ವರ್ಷವೂ ಪೂರ್ತಿ ಆಳದ ರಾಜನ ಹೆಸರಿನವಂತೆ. ಒಬ್ಬ ಹೆಂಗಸಿಗಾಗಿ ಪಟ್ಟವನ್ನೇ ಬಿಟ್ಟು ಹೋದವನು. ಅವನ ಸ್ವಂತ ದೇಶದ ಪೇಟೆಯಲ್ಲಿ ಅವನ ಹೆಸರಿನ ಕಾಸು ಓಡಾಡಲೇ ಇಲ್ಲವಂತೆ, ಓಡಾಡಿದ್ದು ನಮ್ಮಂಥ ಬೆರಳೆಣಿಕೆಯ ಸೀಮೆಗಳಲ್ಲಂತೆ.

ಅಜ್ಜಿಯ ಕೊರಳಲ್ಲಿದ್ದವು ಹೆಚ್ಚಾಗಿ ಆ ಕಂಚಿನವೇ. ಮಾವ, ರಾಜನ ಪಟ್ಟ ಬಿಡಿಸಿದ ಆ ಹೆಂಗಸು ಚೆನ್ನಾಗಿದ್ದಳೇ ಎಂದು ಕೇಳಿದ. ಗ್ರೇಮ್ ನಕ್ಕ. ಮಾವ ನಗಲಿಲ್ಲ. “ಅವನ ಊರವರು ಇಟ್ಕೊಳ್ದೇ ಇದ್ದ ಹೆಸರನ್ನ ನನ್ನವ್ವ ಕೊರಳಿಗೆ ಹಾಕ್ಕೊಂಡಿದ್ಲು,” ಅಂದ.

ಅಷ್ಟರಲ್ಲಿ ಗ್ರೇಮ್‌ನ ಬೆರಳು ಸುರುಳಿಯ ಒಳತುದಿಗೆ ಬಂತು. ಅಲ್ಲಿ ಜರ್ಮನಿಯವರ ಕಾಲದ ಒಂದು ಕಾಸು, ಉದ್ದ ಗರಿಯ ಹಕ್ಕಿಯದು. ಜರ್ಮನಿಯವರ ಕಾಸಿಗೆ ತೂತಿರುವುದಿಲ್ಲ. ಇದಕ್ಕೆ ಇತ್ತು, ಹಕ್ಕಿಯ ಹೊಟ್ಟೆಯ ನಡುವೆಯೇ. ಮಾವನೇ ಮೊಳೆ ಕಾಯಿಸಿ, ಸುತ್ತಿಗೆಯಿಂದ ಬಡಿದು, ಅರದಿಂದ ಉಜ್ಜಿ ಮಾಡಿದ್ದು. ಗ್ರೇಮ್‌ನ ಮುಖ ಬಿಳಿಚಿತು. ಅದು ಎಷ್ಟು ಅಪರೂಪದ್ದು ಗೊತ್ತೇ, ಅದನ್ನು ಕೊಂದುಬಿಟ್ಟೆಯಲ್ಲ, ಎಂದು ತಲೆ ಹಿಡಿದುಕೊಂಡ.

“ಕೊಲ್ಲೋದೆಲ್ಲಿ ಬಂತು?” ಅಂದ ಮಾವ. “ತೂತಿಲ್ಲ ಅಂದ್ರೆ ಬೇರೆಯವರ ಜೊತೆ ಹೆಂಗೆ ಕೂರುತ್ತೆ? ಒಂಟಿಯಾಗಿತ್ತು ಪಾಪ. ನಾನು ಸಂಸಾರಕ್ಕೆ ಸೇರಿಸ್ದೆ.”

ಗ್ರೇಮ್ ಆದರೂ ಬಿಡಲಿಲ್ಲ. ಇಡೀ ಸುರುಳಿಯನ್ನು ಹೀಗೇ ಒಂದು ಮ್ಯೂಸಿಯಮ್ಮಿನಲ್ಲಿ ಇಡಿಸುತ್ತೇನೆ, ಬದಲಿಗೆ ಒಂದು ಹೊಸ ಲಾರಿಯನ್ನೇ ಕೊಡಿಸುತ್ತೇನೆ ಎಂದ. ಸುಳ್ಳೇಕೆ, ಲಾರಿ ಎಂದೊಡನೆ ನನ್ನ ಕಿವಿ ನೆಟ್ಟಗಾಯಿತು. ಮಾವ ಮಾತ್ರ ಎಲೆ ಮುಚ್ಚಿ ಕಟ್ಟುತ್ತ, ಇದು ಕಡಿಯೋದಕ್ಕೆ ಇರೋದು ಅಂದ. ಗ್ರೇಮ್ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ ಮಾತು ನನಗೆ ನೆನಪಿದೆ. ಒಂದು ಸಲ ಕಡಿದು ಹಂಚಿದರೆ ಮುಗಿಯಿತು, ಇಷ್ಟು ಕಾಸು ಭೂಮಿಯ ಮೇಲೆ ಮತ್ತೆಂದೂ ಒಟ್ಟಾಗುವುದಿಲ್ಲ ಎಂದಿದ್ದ.

ತೊಂಬತ್ತನಾಲ್ಕರ ಸೆಪ್ಟೆಂಬರಿನಲ್ಲಿ ಬೆಂಕಿಬೆಟ್ಟ ಒಡೆಯಿತು. ಹಿಂದಿನ ದಿನವೆಲ್ಲ ನೆಲ ನಡುಗಿದ್ದರಿಂದ ಜನ ಮೊದಲೇ ಹೊರಟಿದ್ದರು. ಮಾವ ಸುರುಳಿಯನ್ನು ಉರುಳಿಸಿಕೊಂಡು ಲಾರಿಯ ಹತ್ತಿರ ತಂದ. ಜನರನ್ನು ಹತ್ತಿಸಲೋ ಕಬ್ಬಿಣ ಹತ್ತಿಸಲೋ ಎಂದು ಡ್ರೈವರ್ ಕೇಳಿದ. ಒಬ್ಬಳು ಬಸುರಿ ನೆಲದ ಮೇಲೆ ಕೂತಿದ್ದಳು. ಮಾವ ಅವಳನ್ನು ನೋಡಿದ, ಸುರುಳಿಯನ್ನು ಮರಳಿ ಮನೆಗೆ ಉರುಳಿಸಿದ. ಆಮೇಲೆ ನಿರಾಶ್ರಿತರ ಗುಡಾರದಲ್ಲಿ, ಆಕಾಶದಿಂದ ಬೂದಿ ಸುರಿಯುವುದನ್ನೇ ನೋಡುತ್ತ, ಊಟ ಬಿಟ್ಟು ಕೂತ. ಅವ್ವನನ್ನು ಎರಡನೇ ಸಲ ಬಿಟ್ಟು ಬಂದೆ ಎನ್ನುವುದೊಂದೇ ಮಾತು.

ಬೆಟ್ಟ ತಣಿದು ಜನರನ್ನು ಊರೊಳಗೆ ಬಿಡತೊಡಗಿದ ಮೇಲೆ ನಾವು ಹೋದೆವು. ಮನೆಗಳೆಲ್ಲ ಬೂದಿಯ ಭಾರಕ್ಕೆ ಕುಸಿದು ಕೂತಿದ್ದವು. ಮಾವ ಮನೆಯಿದ್ದ ಜಾಗದಲ್ಲಿ ಮಗ್ಗುಲಾಗಿ ಮಲಗಿ, ಹರೆಯದಲ್ಲಿ ಕಾಡುಕೋಳಿಯ ಮೊಟ್ಟೆ ತೆಗೆಯುತ್ತಿದ್ದ ಹಾಗೆ, ಭುಜದವರೆಗೆ ಕೈ ಇಳಿಸಿ ತಡಕಾಡಿದ. ತೆಗೆದು ಬಗೆದು, ಬಗೆದು ತೆಗೆದು, ಕೊನೆಗೆ ಒಳಗಿಂದ ಒಂದು ಸಣ್ಣ ಝಣ ಕೇಳಿತು. ನಾವೆಲ್ಲ ಸೇರಿ ಎಳೆದೆವು. ಕಾಸುಗಳು ಕಪ್ಪಾಗಿದ್ದವು, ಬೆತ್ತ ಸುಕ್ಕಾಗಿತ್ತು, ಒಂದೂ ಕಳಚಿರಲಿಲ್ಲ.

ಪಕ್ಕದಲ್ಲೇ ಟೊಡಪಲ್ ತನ್ನ ಮನೆಯನ್ನು ಬಗೆಯುತ್ತಿದ್ದ. ಅವನ ಮನೆಗೆ ಕೆಂಡದ ಕಲ್ಲು ಬಿದ್ದು ಉರಿದುಹೋಗಿತ್ತು. ಅವನು ಮುಷ್ಟಿ ಹೊರತೆಗೆದು ಬಿಚ್ಚಿದಾಗ ಅದರಲ್ಲಿದ್ದದ್ದು ಬಿಳಿ ಪುಡಿ. ಚಿಪ್ಪು ಸುಟ್ಟರೆ ಏನಾಗುತ್ತದೆಂದು ಅಡಕೆ ಜಗಿಯುವ ನಮಗೆ ಹೇಳಿಕೊಡಬೇಕಿಲ್ಲ. ಊರಿನ ಹಿರಿಯನ ಸಂಪತ್ತೆಲ್ಲ ಸುಣ್ಣವಾಗಿತ್ತು. ಅವನನ್ನು ಹಂಗಿಸಲು ನಾನು ಜನ್ಮವಿಡೀ ಕೂಡಿಟ್ಟ ಮಾತುಗಳಿದ್ದವು. ಆ ಕೈ ನೋಡಿ ಒಂದೂ ಹೊರಬರಲಿಲ್ಲ.

ಸರಕಾರ ನಮಗೆ ಸಿಕುಟ್‌ನಲ್ಲಿ ಕಾಡು ಕಡಿದು ಜಾಗ ಕೊಟ್ಟಿತು. ಅಲ್ಲಿ ಮೊದಲ ಮಳೆಗೇ ಟೊಡಪಲ್‌ನ ಹೆಂಡತಿ ಲೋಟಾ ಎದೆಗೆ ಕಫ ಕಟ್ಟಿ ತೀರಿಕೊಂಡಳು. ನೆಂಟರೆಲ್ಲ ದಿಕ್ಕಾಪಾಲಾಗಿದ್ದರು, ತಬು ಉಳಿಸಿಕೊಂಡವರು ಅದನ್ನು ತಮ್ಮ ಸಾವಿಗೆಂದು ಬಿಗಿಹಿಡಿದಿದ್ದರು. ಟೊಡಪಲ್ ನಮ್ಮ ಗುಡಿಸಲಿಗೆ ಬಂದು ಕೂತ. ಮಾವ ಸುಣ್ಣದ ಬುರುಡೆ ಮುಂದಿಟ್ಟ. ಟೊಡಪಲ್ ಅದನ್ನು ಮುಟ್ಟಲಿಲ್ಲ.

“ಅವಳನ್ನ ಬರಿಗೈಲಿ ಕಳಿಸೋಕಾಗಲ್ಲ ಕಣೋ,” ಅಂದ.

ಮಾವ ಅವನನ್ನೇ ನೋಡುತ್ತ, “ಕಬ್ಬಿಣ ನಡೆಯುತ್ತಾ?” ಅಂದ.

ಟೊಡಪಲ್ ತಲೆ ತಗ್ಗಿಸಿದ. ಮಾವ ಎದ್ದು ಸುರುಳಿ ಕೆಳಗಿಳಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. ಕೆಟ್ಟ ಮೇಲೆ ಬುದ್ಧಿ ಬಂತೇ ಇವನಿಗೆ ಎಂದು ಟೊಡಪಲ್‌ಗೆ ಕೇಳುವ ಹಾಗೇ ಅಂದೆ. “ಅಜ್ಜಿಗೆ ಅಂತ ಇಟ್ಟಿದ್ದು ಮಾವ ಅದು. ನಾಳೆ ನಿಂಗೇನು ಕಡಿಯೋದು? ನನ್ನ ಜಡೇನಾ?” ಎಂದು ಕೂಗಾಡಿದೆ. ಮಾವ ನನ್ನ ತಲೆ ಸವರಿ, ಹೆಂಗಸೊಬ್ಬಳು ಹೊರಗೆ ನಿಲ್ಲೋದು ಏನು ಅಂತ ನನಗೆ ಗೊತ್ತು ಕಣೆ, ಅಂದ. ಆಮೇಲೆ ಸುರುಳಿ ಹೊರಲು ನಾನೂ ಕೈಗೂಡಿಸಿದೆ.

ಲೋಟಾಳ ಪೆಟ್ಟಿಗೆಯ ಮುಂದೆ ಸುರುಳಿ ಇಟ್ಟಾಗ ಜನ ಪಿಸುಗುಟ್ಟಿದರು. ಟೊಡಪಲ್ ಕತ್ತಿ ಎತ್ತಿದ. ಸತ್ತವರ ಹೆಸರು ಕರೆದು ಕಡಿಯುವುದು ಪದ್ಧತಿ. ಎಲ್ಲರೂ ಲೋಟಾಳ ಹೆಸರಿಗೆ ಕಾದರು.

“ಇಯಾ ದೋಕೊ,” ಎಂದು ಕರೆದ ಟೊಡಪಲ್, ಕಾಡಿಗೆಲ್ಲ ಕೇಳುವ ಹಾಗೆ. “ಇಯಾ ದೋಕೊ, ತಡವಾಯ್ತು. ಹೋಗವ್ವ.”

ಕಡಿದ. ಅಜ್ಜಿಯ ಕೊರಳಲ್ಲಿದ್ದ ಕಂಚಿನ ಪೆನ್ನಿಗಳ ತುದಿಯಿಂದ ಒಂದು ಗೇಣು ಕಡಿದು, ಹಕ್ಕಿಯ ಕಾಸೂ ಇದ್ದ ಆ ತುಂಡನ್ನು ತಾನೇ ಬಲಗೈ ಚಾಚಿ ತೆಗೆದುಕೊಂಡು ಹಣೆಗೊತ್ತಿಕೊಂಡ. ಆಮೇಲೆ ಹೆಂಡತಿಯ ಹೆಸರು ಕರೆದ. ಆಮೇಲೆ ಜನರ ಕೈಗಳು ಬಂದವು. ಮುದುಕರು, ಕೂಸೆತ್ತಿಕೊಂಡ ಹೆಂಗಸರು, ನಕ್ಕವರು, ನಗದವರು, ಒಬ್ಬೊಬ್ಬರಿಗೂ ಗೇಣು, ಮೊಳ. ಹಂಚಿ ಹಂಚಿ ಸುರುಳಿ ಕರಗುತ್ತಿದ್ದರೆ ಮಾವ ಕಣ್ಣೀರನ್ನು ಒರೆಸಿಕೊಳ್ಳದೆ ನಿಂತು ನೋಡಿದ. ಅಂದು ರಾತ್ರಿ ಎರಡು ಸಲ ಬಡಿಸಿಕೊಂಡು ಉಂಡ.

ಅವನು ಆಮೇಲೆ ಹೆಚ್ಚು ಕಾಲ ಇರಲಿಲ್ಲ. ಒಂದು ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಮೈ ತೊಳೆಸಿ ಮಲಗಿಸಿದ ಮೇಲೆ ನಾನು ಖಾಲಿ ಅಟ್ಟ ನೋಡಿ ಎದೆ ಬಡಿದುಕೊಂಡೆ. ಊರಿನ ಹೆಂಗಸರಿಗೆ ದಾರಿ ಮಾಡಿಕೊಟ್ಟು ತಾನು ಬರಿಗೈಲಿ ಹೊರಟನಲ್ಲ ಎಂದು ಗೋಳಾಡಿದೆ.

ಅಷ್ಟರಲ್ಲಿ ಅಂಗಳದಲ್ಲಿ ಝಣ್ ಎಂದಿತು. ನೋಡಿದರೆ ಟೊಡಪಲ್ ಹಸಿ ಬೆತ್ತ ಸೀಳಿಕೊಂಡು ಕೂತಿದ್ದಾನೆ. ಅವನ ಮುಂದೆ ಒಬ್ಬ ಮುದುಕಿ ತನ್ನ ಗೇಣು ಕಾಸು ಇಡುತ್ತಿದ್ದಾಳೆ. ಅವಳ ಹಿಂದೆ ಇನ್ನೊಬ್ಬರು. ಅವರ ಹಿಂದೆ ಗುಡಿಸಲು ಗುಡಿಸಲಿನಿಂದ ಜನ, ಕೊಕೊಪೊದಿಂದ ಲಾರಿ ಹತ್ತಿ ಬಂದವರು, ಕೈಯಲ್ಲಿ, ಮಡಿಲಲ್ಲಿ, ಬುಟ್ಟಿಯಲ್ಲಿ ತೂತು ಕಾಸು ಹಿಡಿದು ನಿಂತಿದ್ದಾರೆ. ಯಾರೂ ಕರೆದಿರಲಿಲ್ಲ. ಟೊಡಪಲ್ ಒಂದೊಂದನ್ನೇ ಪೋಣಿಸುತ್ತ ಹೋದ. ಮತ್ತೆಂದೂ ಒಟ್ಟಾಗುವುದಿಲ್ಲ ಎಂದಿದ್ದ ಗ್ರೇಮ್‌ನನ್ನು ನೆನೆದೆ. ಅವನಿದ್ದಿದ್ದರೆ ಮತ್ತೆ ಮಂಡಿಯೂರುತ್ತಿದ್ದ. ಅವನ ಬದಲು ನಾನೇ ಮಂಡಿಯೂರಿದೆ. ಬಿಸಿಲೇರುವ ಹೊತ್ತಿಗೆ ಸುರುಳಿ ಮೊದಲಿನಷ್ಟೇ ದಪ್ಪಗಿತ್ತು. ಕೊನೆಗೆ ಟೊಡಪಲ್ ತನ್ನ ಕೊರಳಿನ ದಾರ ಬಿಚ್ಚಿ ಹೊಟ್ಟೆ ತೂತಾದ ಆ ಹಕ್ಕಿಯ ಕಾಸನ್ನು ಪೋಣಿಸಿದ. ಟೊಲಿಮನ್ ಎಂದು ಕರೆದು ಕಡಿದ. ಎಲ್ಲರ ಕಾಸು ಎಲ್ಲರ ಮನೆಗೆ ಮತ್ತೆ ಹೊರಟಿತು.

ಹಕ್ಕಿಯ ಕಾಸು ಈ ಸಲ ನನ್ನ ಪಾಲಿಗೆ ಬಂತು, ನನ್ನ ಕೊರಳಲ್ಲಿದೆ. ಟೊಡಪಲ್‌ಗೆ ಈಚೆಗೆ ಕೆಮ್ಮು ಹೆಚ್ಚಾಗಿದೆ. ಮೊನ್ನೆ ನೋಡಲು ಹೋದಾಗ, ನನಗೆ ಚಿಪ್ಪು ಬೇಡ, ಕಬ್ಬಿಣವೇ ಆಗಲಿ ಅಂದ. ಬೆತ್ತ ತಂದು ಸೀಳಿ ನೀರಲ್ಲಿ ನೆನೆಹಾಕಿದ್ದೇನೆ.